ಗೋಡೆ ಕೊಡದ ಗುಂಗು

ಖಾರಘರದ ನಮಗೆ ನಾಟಕವೆಂದರೆ ವಾಶಿಯ ವಿಷ್ಣುದಾಸ ಭಾವೆ ನಾಟ್ಯಗೃಹ, ಇಲ್ಲವೇ ಪನವೇಲಿನ ಫಡಕೆ ನಾಟ್ಯಗೃಹ. ಭಾವೆಯವರ ಹೆಸರು ಕಂಡಾಗಲೆಲ್ಲ ನನಗೆ ಖುಷಿ. ಸಾಂಗಲಿಯ ಅರಸರು ಕರ್ನಾಟಕದ ಭಾಗವತ ಮೇಳದ ಆಟ ನೋಡಿ, ಅಂಥದ್ದೇ ಮರಾಠಿಯಲ್ಲೂ ಆಗಲಿ ಎಂದದ್ದರಿಂದಲೇ 1843ರಲ್ಲಿ ಭಾವೆಯವರ ‘ಸೀತಾ ಸ್ವಯಂವರ’ ರಂಗವೇರಿತು.

ಆಟಕ್ಕೆ ಒಗ್ಗುವ ಸಭಾಂಗಣ ಆಲಾಪಕ್ಕೆ ಒಗ್ಗುವುದಿಲ್ಲ. ಯಕ್ಷಗಾನದಲ್ಲಿ ಮಾತಾಡುವ ಅರ್ಥಧಾರಿಯ ಒಂದೊಂದು ಅಕ್ಷರವೂ ಕೊನೆಯ ಸಾಲಿಗೆ ಬಿಡಿಬಿಡಿಯಾಗಿ ಮುಟ್ಟಬೇಕು. ಅದೇ ರಂಗದಲ್ಲಿ ಕೊಳಲು ನುಡಿಸಿದರೆ ಸ್ವರ ತುಟಿ ಬಿಟ್ಟೊಡನೆ ಬಾಡುತ್ತದೆ. ಸ್ವರ ನಿಂತ ಮೇಲೂ ಉಳಿಯುವ ಗುಂಗೇ ಅನುರಣನ. ಗೋಳಗುಮ್ಮಟದಲ್ಲಿ ಎಣಿಸಬಹುದಾದ ಪ್ರತಿಧ್ವನಿಯಲ್ಲ ಇದು. ಎಣಿಕೆಗೆ ಸಿಗದಂತೆ ಬೆರೆತ ಬಾಲ. ಭೌತವಿಜ್ಞಾನಿ ವಾಲೇಸ್ ಸ್ಯಾಬಿನ್ ಕೊಟ್ಟ ಸೂತ್ರದಂತೆ, 4000 ಘನ ಮೀಟರಿನ ಸಭಾಂಗಣದ ಕುರ್ಚಿ, ಪರದೆ, ಜನರೆಲ್ಲ ಸೇರಿ 640 ಚದರ ಮೀಟರ್ ತೆರೆದ ಕಿಟಕಿಯಷ್ಟು ನಾದ ಹೀರಿದರೆ ಬಾಲದ ಉದ್ದ ಸುಮಾರು 1 ಸೆಕೆಂಡ್. ದೊಡ್ಡ ವಾದ್ಯವೃಂದಕ್ಕೆ 2 ಸೆಕೆಂಡಿನಷ್ಟು ಬೇಕು.

ಗೋಡೆ ಒಡೆಯದೆ ಈ ಉದ್ದದ ಬಾಲವನ್ನು ಕೊಡಬಹುದೆಂದು ತೋರಿಸಿದ್ದು ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲ್. 1951ರಲ್ಲಿ ತೆರೆದಾಗಿನಿಂದಲೂ ಅಲ್ಲಿನ ನಾದ ಒಣಗಿದೆಯೆಂಬ ದೂರಿತ್ತು. 1964ರಿಂದ ಪೀಟರ್ ಪಾರ್ಕಿನ್ ತಂಡ ಸದ್ದಿಲ್ಲದೆ ಮೈಕು, ಸ್ಪೀಕರುಗಳ ಜೋಡಿಗಳನ್ನು ಅಳವಡಿಸುತ್ತ ಹೋಯಿತು. ಕೊನೆಗೆ 172 ಆದವು. ಒಂದೊಂದು ಜೋಡಿ ಒಂದೊಂದೇ ಶ್ರುತಿಗೆ ಮಿಡಿಯುತ್ತಿತ್ತು.

ಕಷ್ಟವಿರುವುದು ಮೈಕು ತನ್ನ ಸ್ಪೀಕರಿನ ದನಿಯನ್ನೇ ಮತ್ತೆ ಕೇಳಿಸಿಕೊಳ್ಳುವಲ್ಲಿ. ಮದುವೆ ಮಂಟಪದಲ್ಲಿ ‘ಕುಂಯ್’ ಎನ್ನುವುದು ಅದೇ. ಹೀಗಾಗಿ ಎಲ್ಲ ಶ್ರುತಿಗೂ ಮಿಡಿಯುವ ಜೋಡಿಗಳನ್ನಿಟ್ಟು, ಒಂದೊಂದಕ್ಕೂ ಶೇ 1ರಷ್ಟು ಶಕ್ತಿಯನ್ನಷ್ಟೇ ಹಿಂತಿರುಗಿಸಲು ಬಿಟ್ಟರೆ, 25 ಜೋಡಿಗಳಿಂದ 1 ಸೆಕೆಂಡಿನ ಬಾಲ 1.33 ಆಗುತ್ತದೆ, 50ರಿಂದ 2. ದುಬಾರಿ ಸಾಮಾನು ಕೊಳ್ಳುವ ಮುಂಚೆ ಇದನ್ನೆಲ್ಲ ಕಂಪ್ಯೂಟರಿನಲ್ಲಿ ಕೇಳಿ ನೋಡಬಹುದು ಎಂಬುದೇ ನನಗೆ ದೊಡ್ಡ ಸಮಾಧಾನ. ಖಾಲಿ ಸಭಾಂಗಣದಲ್ಲಿ ಬಲೂನು ಒಡೆದು, ಆ ‘ಟಪ್’ ಸದ್ದು ಅಡಗುವವರೆಗೆ ರೆಕಾರ್ಡ್ ಮಾಡಿದರೆ ಆ ಜಾಗದ ಜಾತಕವೇ ಸಿಕ್ಕಂತೆ.

ಒಂದು ರಾತ್ರಿ ಮನೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು, ಅಂಥದೊಂದು ರೆಕಾರ್ಡಿಂಗ್ ಮೇಲೆ ಕೊಳಲನ್ನು ಹರಿಯಬಿಟ್ಟೆ. ಕಂಪ್ಯೂಟರಿನಲ್ಲಿ ನಾಲ್ಕೇ ಜೋಡಿಯಿಟ್ಟು ಬಲ ಹೆಚ್ಚಿಸಿದಾಗ ಪಂಚಮ ತಗಡಿನಂತೆ ಕಿರುಗುಟ್ಟಿತು. ಐವತ್ತಕ್ಕೆ ಹಂಚಿದಾಗ ಸ್ವರ ನಿಧಾನ ಇಳಿದು ಕತ್ತಲಲ್ಲಿ ಕರಗಿತು. ಆಮೇಲೆ ಭಾಗವತರ ಪದ ಹಾಕಿದೆ. ಅದಕ್ಕೆ ಇಪ್ಪತ್ತೈದೇ ಸಾಕೆನಿಸಿತು. ಚೆಂಡೆ ಏಳುವ ಹೊತ್ತಿಗೆ ಎಲ್ಲವನ್ನೂ ಮುಚ್ಚಿದೆ.