ಎಟ್ರುಸ್ಕನರ ಗುಡ್ಡದೂರು

ಇಟಲಿಯ ಪ್ರಾಚೀನ ಚರಿತ್ರೆ ಎಂದೊಡನೆ ನಮ್ಮ ನೆನಪಿಗೆ ಬರುವುದು ರೋಮ್. ಆದರೆ ರೋಮ್ ಇನ್ನೂ ಚಿಕ್ಕ ಊರಾಗಿದ್ದಾಗಲೇ ಅದರ ಉತ್ತರಕ್ಕೆ ಎಟ್ರುಸ್ಕನರೆಂಬ ಜನ ಗುಡ್ಡಗಳ ಮೇಲೆ ಸಿರಿವಂತ ನಗರಗಳನ್ನು ಕಟ್ಟಿ ಬಾಳಿದ್ದರು. ಅವುಗಳಲ್ಲೊಂದಾದ ತಾರ್ಕ್ವೀನಿಯವನ್ನು ನೋಡುವ ಅವಕಾಶ ನನಗೆ ದೊರೆಯಿತು.

ಈಗಿನ ತಾರ್ಕ್ವೀನಿಯ ಪಟ್ಟಣ ರೋಮಿನಿಂದ ವಾಯವ್ಯಕ್ಕೆ ಸುಮಾರು 90 ಕಿಲೋಮೀಟರ್ ದೂರದಲ್ಲಿದೆ. ಹಳೆಯ ನಗರವಿದ್ದುದು ಅದರ ಸಮೀಪದ ಬೇರೊಂದು ಗುಡ್ಡದ ಮೇಲೆ. ಅಲ್ಲಿ ಇಂದು ಮುಖ್ಯವಾಗಿ ಕಾಣುವುದು ಕ್ರಿ. ಪೂ. 4ನೆಯ ಶತಮಾನದ ದೇವಾಲಯವೊಂದರ ಕಲ್ಲಿನ ಜಗಲಿ. ಅದನ್ನು ಅಲಂಕರಿಸಿದ್ದ ಸುಟ್ಟ ಮಣ್ಣಿನ ರೆಕ್ಕೆಗುದುರೆಗಳು 1938ರಲ್ಲಿ ದೊರೆತು, ಈಗ ಪಟ್ಟಣದ ವಸ್ತುಸಂಗ್ರಹಾಲಯದಲ್ಲಿವೆ. ಮನೆಗಳೆಲ್ಲಿ ಎಂದು ಯಾರಾದರೂ ಕೇಳಬಹುದು. ಎಟ್ರುಸ್ಕನರು ಮನೆಗಳನ್ನು ಕಟ್ಟುತ್ತಿದ್ದುದು ಹೆಚ್ಚಾಗಿ ಮರ ಮತ್ತು ಹಸಿ ಇಟ್ಟಿಗೆಗಳಿಂದ. ಅವು ಮಣ್ಣಿಗೆ ಮಣ್ಣಾಗಿ ಹೋದವು. ಸತ್ತವರಿಗಾಗಿ ಬಂಡೆಯಲ್ಲಿ ಕೊರೆದ ಕೋಣೆಗಳು ಮಾತ್ರ ಉಳಿದವು.

ಇಂತಹ ಸುಮಾರು 6,000 ಸಮಾಧಿಗಳು ಪಕ್ಕದ ಮೊಂತೆರೊಟ್ಸಿ ಗುಡ್ಡದಲ್ಲಿವೆ. ಅವುಗಳಲ್ಲಿ ಸುಮಾರು 200ರ ಗೋಡೆಗಳ ಮೇಲೆ ವರ್ಣಚಿತ್ರಗಳಿವೆ. 2004ರಲ್ಲಿ ಯುನೆಸ್ಕೊ ಇವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಮೆಟ್ಟಲಿಳಿದು, ಗಾಜಿನ ಬಾಗಿಲಿನ ಹೊರಗೆ ನಿಂತು ನೋಡಬೇಕು. ಜನರ ಉಸಿರಿನ ತೇವ ಆ ಬಣ್ಣಗಳಿಗೆ ಶತ್ರು. ಚಿರತೆಗಳ ಸಮಾಧಿ ಎಂಬುದರಲ್ಲಿ ಔತಣ ನಡೆದಿದೆ. ಗಂಡಸರೂ ಹೆಂಗಸರೂ ಒಟ್ಟಿಗೆ ಒರಗಿದ್ದಾರೆ; ಒಬ್ಬನ ಕೈಯಲ್ಲಿ ಮೊಟ್ಟೆಯಿದೆ; ಮತ್ತೊಬ್ಬ ಜೋಡಿಕೊಳಲು ಊದುತ್ತಿದ್ದಾನೆ. ಪತ್ನಿಯರನ್ನು ಔತಣದಿಂದ ದೂರವಿಡುತ್ತಿದ್ದ ಗ್ರೀಕರಿಗೆ ಈ ಪದ್ಧತಿ ವಿಚಿತ್ರವಾಗಿ ತೋರಿತ್ತು. ಬೇಟೆ ಮತ್ತು ಮೀನುಗಾರಿಕೆಯ ಸಮಾಧಿಯಲ್ಲಿ ಹುಡುಗನೊಬ್ಬ ಬಂಡೆಯಿಂದ ಕಡಲಿಗೆ ಧುಮುಕುತ್ತಿದ್ದಾನೆ. ಮರಣದ ಮನೆಯಲ್ಲಿ ಇಷ್ಟೊಂದು ಬದುಕನ್ನು ಕಂಡು ನಾನು ಬೆರಗಾದೆ.

ಆದರೆ ಇವರ ಮಾತು ನಮಗೆ ದಕ್ಕಿಲ್ಲ. ಗ್ರೀಕರಿಂದ ಪಡೆದ ಲಿಪಿಯಾದ್ದರಿಂದ ಅವರ ಬರಹವನ್ನು ಓದಬಹುದು. ಅರ್ಥ ಮಾತ್ರ ಅಲ್ಪಸ್ವಲ್ಪ. ದೊರೆತ ಸಾವಿರಾರು ಶಾಸನಗಳಲ್ಲಿ ಬಹುಪಾಲು ಹೆಸರುಗಳೇ. ರೋಮನ್ ಚಕ್ರವರ್ತಿ ಕ್ಲಾಡಿಯಸ್ ಇವರ ಚರಿತ್ರೆಯನ್ನು ಗ್ರೀಕ್ ಭಾಷೆಯಲ್ಲಿ 20 ಸಂಪುಟಗಳಾಗಿ ಬರೆದಿದ್ದನು, ಒಂದೂ ಉಳಿದಿಲ್ಲ. ನಾರುಬಟ್ಟೆಯ ಮೇಲೆ ಬರೆದ ಒಂದು ಎಟ್ರುಸ್ಕನ್ ಗ್ರಂಥ ಮಾತ್ರ ಉಳಿದುಬಂದಿದೆ. ಅದೂ ಈಜಿಪ್ಟಿನಲ್ಲಿ ಯಾರೋ ಅದನ್ನು ಹರಿದು ಶವಕ್ಕೆ ಸುತ್ತಿದ್ದರಿಂದ! ಇಂದು ಅದು ಜಾಗ್ರೆಬ್ ನಗರದಲ್ಲಿದೆ.

ರೋಮ್ ಈ ನಗರಗಳನ್ನು ಒಂದೊಂದಾಗಿ ಗೆದ್ದ ಮೇಲೆ ಜನ ಕ್ರಮೇಣ ಲ್ಯಾಟಿನಿಗೆ ತಿರುಗಿದರು. ಹಳೆಯ ಹೊತ್ತಗೆಗಳನ್ನು ಪ್ರತಿಮಾಡುವವರು ಇಲ್ಲವಾದರು. ಬಂಡೆ ಬಣ್ಣವನ್ನು ಕಾಪಾಡಿತು. ಮಾತನ್ನು ಕಾಪಾಡಬೇಕಾದವರು ಓದುಗರು. ವಿದ್ಯಾರ್ಥಿಗಳಾದ ನಾವು ಇದನ್ನು ಮರೆಯಬಾರದು.