ಪದಾರ್ಥ ಪ್ರಸಾದವಾಗುವ ಬಗೆ



'ಉಂಡ ಮನೆಯ ಜಂತಿ ಎಣಿಸಬಾರದು' ಎಂಬ ಗಾದೆ ನಮ್ಮ ಹಳ್ಳಿಗಳಲ್ಲಿ ಇಂದಿಗೂ ಕೇಳಿಬರುತ್ತದೆ. ಊಟಕ್ಕೆ ಕುಳಿತವನು ತಲೆ ಮೇಲೆತ್ತಿ ಮಾಳಿಗೆಗೆ ಹಾಕಿದ ಜಂತಿಗಳೆಷ್ಟು, ಅವುಗಳಲ್ಲಿ ಹುಳುಕಾದವೆಷ್ಟು ಎಂದು ಲೆಕ್ಕ ಹಾಕತೊಡಗಿದರೆ ಮುಂದಿರುವ ಅನ್ನದ ರುಚಿ ಅವನಿಗೆ ತಿಳಿಯುವುದಿಲ್ಲ. ಬಡಿಸಿದ ಕೈಯೂ ಕಾಣಿಸುವುದಿಲ್ಲ. ಈಗ ಜಂತಿಯ ಮನೆಗಳು ಕಡಿಮೆಯಾಗಿ ಸಿಮೆಂಟಿನ ಮನೆಗಳು ಎದ್ದಿವೆ. ಆದರೆ ಎಣಿಸುವ ಚಟ ಮಾತ್ರ ಮನುಷ್ಯನನ್ನು ಬಿಟ್ಟಿಲ್ಲ. ಅಣ್ಣನಿಗೆ ಎಷ್ಟು ಬಂತು, ತಮ್ಮನಿಗೆ ಎಷ್ಟು ಹೋಯಿತು, ಅಪ್ಪ ಯಾರಿಗೆ ಹೆಚ್ಚು ಕೊಟ್ಟ ಎಂಬ ಎಣಿಕೆಯಲ್ಲೇ ಮನೆಗಳು ಒಡೆಯುತ್ತಿವೆ.

ವೀರಶೈವ ಧರ್ಮವು ಉಪಕಾರ ಸ್ಮರಣೆಯನ್ನು ಬರಿಯ ಬಾಯಿಮಾತಿನ ಸೌಜನ್ಯವೆಂದು ಬಗೆದಿಲ್ಲ. ಅದನ್ನು ಸಾಧನೆಯ ಮೆಟ್ಟಿಲನ್ನಾಗಿಯೇ ಇರಿಸಿದೆ. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಷಟ್‌ಸ್ಥಲಗಳಲ್ಲಿ ಮೂರನೆಯದಾದ ಪ್ರಸಾದಿಸ್ಥಲವೇ ಆ ಮೆಟ್ಟಿಲು. ಶ್ರೀ ಶಿವಯೋಗಿ ಶಿವಾಚಾರ್ಯರು ರೇಣುಕ-ಅಗಸ್ತ್ಯ ಸಂವಾದ ರೂಪದಲ್ಲಿ ರಚಿಸಿದ ಶ್ರೀ ಸಿದ್ಧಾಂತ ಶಿಖಾಮಣಿಯು ಈ ಆರು ಸ್ಥಲಗಳನ್ನು 101 ಸ್ಥಲಗಳಾಗಿ ವಿಸ್ತರಿಸುತ್ತದೆ. ಅಲ್ಲಿ ಪ್ರಸಾದದ ಮಹಿಮೆಯನ್ನು ಹೇಳುವ ಮೊದಲು ಗುರುವಿನ ಮಹಿಮೆ, ಲಿಂಗದ ಮಹಿಮೆ, ಜಂಗಮದ ಮಹಿಮೆ, ಭಕ್ತರ ಹಾಗೂ ಶರಣರ ಮಹಿಮೆಗಳನ್ನು ಹೇಳಲಾಗಿದೆ. ಈ ಕ್ರಮವನ್ನು ಭಕ್ತರು ಗಮನಿಸಬೇಕು. ಕೊಟ್ಟವರನ್ನು ಮೊದಲು ನೆನೆ, ಆಮೇಲೆ ಕೊಟ್ಟದ್ದನ್ನು ಬಾಯಿಗಿಡು ಎಂಬುದೇ ಇದರ ಇಂಗಿತ. ಮನಸ್ಸು ತಿಳಿಯಾದಲ್ಲಿ ಮಾತ್ರ ಪ್ರಸಾದವುಂಟು ಎಂಬುದೂ ಆ ಗ್ರಂಥದ ನಿಲುವು. ಹೊಲದಲ್ಲಿ ಬೆಳೆದದ್ದು, ಒಲೆಯ ಮೇಲೆ ಬೆಂದದ್ದು ಪದಾರ್ಥ. ಅದು ಲಿಂಗಕ್ಕೆ ಅರ್ಪಿತವಾಗಿ ಮರಳಿ ಬಂದಾಗ ಪ್ರಸಾದ. ಜೋಳವೂ ಅದೇ, ರೊಟ್ಟಿಯೂ ಅದೇ. ಬದಲಾದದ್ದು ಉಣ್ಣುವವನ ಮನಸ್ಸು. 'ಇದು ನನ್ನದು' ಎಂಬುದು ಹೋಗಿ 'ಇದು ನನಗೆ ಬಂದದ್ದು' ಎಂಬ ಭಾವ ಮೂಡಿದರೆ ಪದಾರ್ಥವು ಪ್ರಸಾದವಾಗುತ್ತದೆ.

ಮನೆಯ ಮೊದಲ ಮಠ

ಈ ತತ್ತ್ವವನ್ನು ಮಗುವಿಗೆ ಮೊದಲು ಕಲಿಸುವವರು ಯಾರು? ನಾವಲ್ಲ. ನಾವು ಗದ್ದುಗೆಯಲ್ಲಿ ಕುಳಿತು ದೀಕ್ಷೆ ಕೊಡುತ್ತೇವೆ, ಆಶೀರ್ವಚನ ಹೇಳುತ್ತೇವೆ. ಆ ಸಂಸ್ಕಾರವನ್ನು ದಿನದಿನವೂ ನೀರೆರೆದು ಉಳಿಸುವವಳು ಮನೆಯ ಅಜ್ಜಿ. ಮೂರು ಬೆರಳಲ್ಲಿ ವಿಭೂತಿ ತೀಡಿ ಮೊಮ್ಮಗನ ಹಣೆಗೆ ಹಚ್ಚುವವಳು ಅವಳು. ಎಡಗೈಯನ್ನು ಎದೆಯ ಮಟ್ಟಕ್ಕೆ ಹಿಡಿದು ಅಂಗೈಯಲ್ಲಿ ಲಿಂಗವನ್ನು ಹೇಗೆ ನಿಲ್ಲಿಸಬೇಕು, ಶಿವದಾರ ಸವೆದಾಗ ಹೇಗೆ ಬದಲಿಸಬೇಕು ಎಂದು ತೋರಿಸಿಕೊಡುವವಳು ಅವಳು. ತಾಟಿನಲ್ಲಿ ಒಂದು ಅಗುಳೂ ಉಳಿಯದಂತೆ ಉಂಡು, ತಾಟು ತೊಳೆದ ನೀರನ್ನೂ ಕುಡಿದು ಏಳುವ ಹಿರಿಯರನ್ನು ನಮ್ಮ ಓದುಗರಲ್ಲಿ ಅನೇಕರು ಕಂಡಿರಬಹುದು. ಅದು ಜಿಪುಣತನವಲ್ಲ. ಪ್ರಸಾದವನ್ನು ಚೆಲ್ಲಿದರೆ ಕೊಟ್ಟವನನ್ನು ಮರೆತಂತೆ ಎಂಬ ಎಚ್ಚರ.

ಹೆಣ್ಣಿಗೆ ಈ ಗುರುಸ್ಥಾನ ಸುಮ್ಮನೆ ಬಂದದ್ದಲ್ಲ. ನಮ್ಮ ಧರ್ಮದಲ್ಲಿ ಇಷ್ಟಲಿಂಗಧಾರಣೆಗೆ ಗಂಡು ಹೆಣ್ಣೆಂಬ ಭೇದವಿಲ್ಲ. ಜನನ, ಮರಣ, ರಜಸ್ಸು, ಜಾತಿ, ಎಂಜಲು ಎಂಬ ಪಂಚಸೂತಕಗಳು ಲಿಂಗವಂತರಿಗಿಲ್ಲ. ಗಂಡನು ಲಿಂಗೈಕ್ಯನಾದ ಮೇಲೂ ಹೆಂಡತಿಯ ಲಿಂಗಪೂಜೆಗೆ ಅಡ್ಡಿಯಿಲ್ಲ. ಈ ಮಾತನ್ನು ಒಬ್ಬ ಅಜ್ಜಿ ನಮ್ಮೆದುರಿಗೆ, 'ಕುಂಕುಮ ಹೋತ್ರಿ ಅಜ್ಜಾರ, ಈಬತ್ತಿ ಹೋಗಲಿಲ್ಲ' ಎಂದು ಐದೇ ಶಬ್ದಗಳಲ್ಲಿ ಹೇಳಿ ಮುಗಿಸಿದ್ದಳು. ಶಾಸ್ತ್ರವನ್ನು ಇಷ್ಟು ಚಿಕ್ಕದಾಗಿ ಹೇಳುವುದು ಪಂಡಿತರಿಗೂ ಸುಲಭವಲ್ಲ.

ಇಬ್ಬರು ಶರಣೆಯರು

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯ-ಲಕ್ಕಮ್ಮ ದಂಪತಿಗಳಿದ್ದರು. ಇಂದಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲೂಕಿನ ಅಮರೇಶ್ವರದ ಕಡೆಯಿಂದ ಬಂದವರು ಇವರು. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಜಂಗಮ ದಾಸೋಹ ನಡೆಸುವುದು ಅವರ ಕಾಯಕ. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಸಂತೋಷಪಡಲಿಲ್ಲ. ನಮಗೆ ಬೇಕಾದದ್ದಕ್ಕಿಂತ ಹೆಚ್ಚಿನದು ನಮ್ಮದಲ್ಲ, ಮರಳಿ ಸುರಿದು ಬನ್ನಿ ಎಂದು ಗಂಡನನ್ನು ಕಳಿಸಿದಳು. ಸಾಕು ಎನ್ನಬಲ್ಲವರಿಗೆ ಮಾತ್ರ ಬಂದದ್ದರ ಬೆಲೆ ತಿಳಿಯುತ್ತದೆ. ಸಾಲದು ಎನ್ನುವವನಿಗೆ ರಾಜ್ಯ ಕೊಟ್ಟರೂ ಅದು ಪದಾರ್ಥವಾಗಿಯೇ ಉಳಿಯುತ್ತದೆ.

ಇನ್ನೊಬ್ಬಳು ಶ್ರೀಶೈಲ ಮಲ್ಲಿಕಾರ್ಜುನನ ಭಕ್ತೆ ಹೇಮರಡ್ಡಿ ಮಲ್ಲಮ್ಮ. ಗಂಡನ ಮನೆಯಲ್ಲಿ ಅವಳು ಪಟ್ಟ ಪಾಡು ಉತ್ತರ ಕರ್ನಾಟಕದ ಹಳ್ಳಿಹಳ್ಳಿಗೂ ಗೊತ್ತು. ಮಲ್ಲಯ್ಯ ಪ್ರತ್ಯಕ್ಷನಾಗಿ ವರ ಬೇಡು ಎಂದಾಗ ತನ್ನನ್ನು ನೋಯಿಸಿದ ಆ ಕುಲಕ್ಕೇ ಸಿರಿಯನ್ನು ಬೇಡಿದಳೆಂದೂ, ದಾರಿ ತಪ್ಪಿದ ಮೈದುನ ವೇಮನನನ್ನು ಯೋಗಿಯಾಗುವತ್ತ ತಿರುಗಿಸಿದಳೆಂದೂ ಪರಂಪರೆ ಹೇಳುತ್ತದೆ. ಆದರೆ ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ಮಲ್ಲಮ್ಮನ ಪುರಾಣವನ್ನು ಸೊಸೆಗೆ ತಾಳ್ಮೆ ಕಲಿಸಲೆಂದು ಓದಿಸುವವರಿದ್ದಾರೆ. ಅದನ್ನು ಮೊದಲು ಅತ್ತೆ ಕೇಳಬೇಕು, ನಾದಿನಿ ಕೇಳಬೇಕು, ಗಂಡ ಕೇಳಬೇಕು. ಮಲ್ಲಮ್ಮನ ಹಿರಿಮೆ ಅವಳ ಕ್ಷಮೆಯಲ್ಲಿದೆಯೇ ಹೊರತು ಅವಳಿಗೆ ಕೊಟ್ಟ ಹಿಂಸೆಯಲ್ಲಿಲ್ಲ.

ಹೊಲದ ಪಾಲು, ಋಣದ ಪಾಲು

ಎರಡು ವರ್ಷಗಳ ಹಿಂದೆ ಒಂದು ಮನೆತನದವರು ತಮ್ಮ ಪಾಲುಗಾರಿಕೆಯ ತಂಟೆಯನ್ನು ಶ್ರೀಮಠಕ್ಕೆ ತಂದರು. ಮೂವರು ಗಂಡುಮಕ್ಕಳು, ಅವರಿಗಿಂತ ಹಿರಿಯಳಾದ ಒಬ್ಬ ಮಗಳು. 18 ಎಕರೆ ಎರೆಹೊಲ. ಮೂರು ಪಾಲಿನ ನಕಾಶೆ ಸಿದ್ಧವಾಗಿತ್ತು. ಮಗಳಿಂದ ಸಹಿ ಹಾಕಿಸಿಕೊಳ್ಳಲು ಹಕ್ಕುಬಿಡುಗಡೆ ಪತ್ರವೂ ಸಿದ್ಧವಾಗಿತ್ತು. ಉಳಿದದ್ದು ಎಂಬತ್ತೈದು ದಾಟಿದ ತಾಯಿ. ನಾಲ್ಕು ನಾಲ್ಕು ತಿಂಗಳು ಒಬ್ಬೊಬ್ಬರ ಮನೆಯಲ್ಲಿ ಇರಲಿ ಎಂದು ಊರ ಹಿರಿಯರು ಹೇಳಿದ್ದರು. ಮೊದಲ ನಾಲ್ಕು ತಿಂಗಳು ಯಾರದು ಎಂಬಲ್ಲಿ ಮಾತು ನಿಂತಿತ್ತು.

ನಾವು ಆ ತಾಯಿಯನ್ನೇ ಕೇಳಿದೆವು: 'ತಾಯಿ, ನಿಮ್ಮ ಮನಸ್ಸಿನಲ್ಲಿ ಏನಿದೆ?'

ಆಕೆ ಸೆರಗು ಸರಿಮಾಡಿಕೊಂಡು ಹೇಳಿದಳು: 'ಅಜ್ಜಾರ, ಹೊಲಾ ಹಂಚ್ಕೊಳ್ಳಲಿ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಈ ಮನಿ ಮ್ಯಾಲ ಇರೋ ಋಣಾ ಯಾರ ಪಾಲಿಗೆ ಬರತೈತಿ ಅಂತ ಒಬ್ರೂ ಕೇಳವಲ್ರು.'

ಸೊಸೈಟಿಯ ಸಾಲ ಎಂದೋ ಮುಟ್ಟಿದೆ ಎಂದು ನಡುವಿನ ಮಗ ಕಾಗದ ತೆಗೆದ.

'ಅದಲ್ಲೋ ಯಪ್ಪಾ. ಎಪ್ಪತ್ತೆರಡರ ಬರದಾಗ ನಿನ್ನ ತಮ್ಮ ಕೈಗೂಸು. ನನ್ನ ಎದಿಯಾಗ ಹಾಲು ಬತ್ತಿತ್ತು. ಕುರುಬರ ಮನಿ ಯಕ್ಕ ತನ್ನ ಮಕ್ಕಳ ಬಾಯಿ ಕಟ್ಟಿ ದಿನಾ ಒಂದು ಚರಿಗಿ ಆಡಿನ ಹಾಲು ಕೊಟ್ಲು. ಅದು ಒಂದು ಋಣ. ನಾನು, ನಿಮ್ಮಪ್ಪ ಬರಗಾಲದ ಕೆಲಸಕ್ಕ ಕಲ್ಲು ಒಡಿಯಾಕ ಹೋದ್ರ ಈ ನಿಮ್ಮಕ್ಕ ಸಾಲಿ ಬಿಟ್ಟು ನಿಮ್ಮನ್ನ ಎತ್ತಿಕೊಂಡು ಕುಂತ್ಲು. ನೀವು ಮೂವರೂ ಸಾಲಿ ಕಲಿತ್ರಿ, ಅಕಿ ಹೆಬ್ಬಟ್ಟು ಒತ್ತತಾಳ. ಅದು ಎರಡನೇ ಋಣ. ನಿಮ್ಮಪ್ಪ ಮೂರು ವರ್ಷ ಹಾಸಿಗಿ ಹಿಡಿದಾಗ ಹೊಲಸು ಬಳಿದವಳು ನಿಮ್ಮ ಹೆಣ್ಣಲ್ಲ ಗಂಡಲ್ಲ, ಹೊರಗಿಂದ ಬಂದ ಹಿರೇ ಸೊಸಿ. ಅದು ಮೂರನೇದು. ಮೊದಲು ಈ ಋಣಾ ಪಾಲು ಮಾಡ್ರಿ. ಆಮ್ಯಾಲೆ ಹೊಲಾ ಮಾಡ್ರಿ. ನನ್ನ ಪಾಳಿ ಚಿಂತಿ ಬ್ಯಾಡ, ಮಲ್ಲಯ್ಯ ಅದಾನ.'

ಸಭೆ ಸುಮ್ಮನಾಯಿತು. ಗಮನಿಸಿರಿ: ಆ ತಾಯಿ ತಾನು ಮಕ್ಕಳಿಗೆ ಮಾಡಿದ್ದನ್ನು ಒಂದನ್ನೂ ಎಣಿಸಲಿಲ್ಲ. ತನ್ನ ಮನೆಗೆ ಬೇರೆಯವರು ಮಾಡಿದ್ದನ್ನಷ್ಟೇ ಎಣಿಸಿದಳು. ಜಂತಿ ಎಣಿಸುವ ಲೆಕ್ಕಕ್ಕೂ ಈ ಲೆಕ್ಕಕ್ಕೂ ಇರುವ ಅಂತರ ಇಷ್ಟೇ.

ನಾವು ಮಕ್ಕಳಿಗೆ ಎರಡು ಮಾತು ಹೇಳಿದೆವು. 2005ರಲ್ಲಿ ತಿದ್ದುಪಡಿಯಾದ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕಿದೆ. ಆ ಹಕ್ಕು ಹುಟ್ಟಿನಿಂದಲೇ ಬರುವಂಥದೆಂದು ಸುಪ್ರೀಂ ಕೋರ್ಟು 2020ರಲ್ಲಿ ಸ್ಪಷ್ಟಪಡಿಸಿದೆ. ಅದು ಸರಕಾರದ ಮಾತು. ನಮ್ಮ ಮಾತು ಅದಕ್ಕಿಂತ ಹಳೆಯದು. ಮಗಳ ಕೊರಳಿಗೆ ಲಿಂಗ ಕಟ್ಟಿದ ದಿನವೇ ಶಿವನಲ್ಲಿ ಅವಳಿಗೆ ಸಮಪಾಲು ಕೊಟ್ಟಾಯಿತು. ಶಿವನಲ್ಲಿ ಪಾಲು ಕೊಟ್ಟವರು ಮಣ್ಣಿನಲ್ಲಿ ಪಾಲು ಕೊಡಲು ಹಿಂದೆಮುಂದೆ ನೋಡಿದರೆ ಆ ಲಿಂಗಧಾರಣೆಗೆ ಅರ್ಥವೇನು? ತವರಿನ ಬಾಗಿಲು ಮುಚ್ಚೀತೆಂಬ ಅಂಜಿಕೆಯಿಂದ ಒತ್ತಿದ ಹೆಬ್ಬೆಟ್ಟು ತ್ಯಾಗವಲ್ಲ. ಅಂಜಿಕೆ ಇಲ್ಲದೆ, ತಿಳಿದು, ತಾನಾಗಿ ಬಿಟ್ಟುಕೊಟ್ಟರೆ ಅದು ಅವಳ ಔದಾರ್ಯ.

ಮುಂದೆ ಪಾಲು ನಾಲ್ಕಾಯಿತು. ಮಗಳು ತನ್ನ ನಾಲ್ಕೂವರೆ ಎಕರೆಯನ್ನು, ತಾನು ಎತ್ತಿ ಆಡಿಸಿದ ಕಿರಿಯ ತಮ್ಮನಿಗೇ ಉತ್ತು ಬಿತ್ತಲು ಬಿಟ್ಟಿದ್ದಾಳೆ. ಸುಗ್ಗಿಗೆ ಅವನು ಜೋಳ ಕಳಿಸುತ್ತಾನೆ. ತಾಯಿ ತನ್ನ ಇಚ್ಛೆಯಂತೆ ಹಿರಿಯ ಸೊಸೆಯ ಕಡೆ ಇದ್ದಾಳೆ. ಎಲ್ಲವೂ ತಿಳಿಯಾಯಿತೆಂದು ನಾವು ಹೇಳುವುದಿಲ್ಲ. ನಡುವಿನ ಮಗನು ಅಕ್ಕನೊಡನೆ ಮಾತು ಬಿಟ್ಟಿದ್ದಾನೆ. ಕದಡಿದ ನೀರು ತಿಳಿಯಾಗಲು ಹೊತ್ತು ಬೇಕು. ಅವನ ಪಾಲಿನ ಹೊಲ ಇನ್ನೂ ಪದಾರ್ಥವಾಗಿಯೇ ಉಳಿದಿದೆ.

ಹಿರಿಯರಿಗೂ ಒಂದು ಮಾತು

ಮಕ್ಕಳು ಹೆತ್ತವರಿಗೆ ಅನ್ನ ಹಾಕಬೇಕೆಂದು 2007ರಲ್ಲಿ ದೇಶ ಕಾಯ್ದೆ ಮಾಡಬೇಕಾಯಿತು. ಆರೈಕೆ ಕಾಣದ ಹಿರಿಯರು ಉಪವಿಭಾಗಾಧಿಕಾರಿಗಳ ನೇತೃತ್ವದ ನ್ಯಾಯಮಂಡಳಿಗೆ ಅರ್ಜಿ ಕೊಡಬಹುದು. ಆಸ್ತಿಯನ್ನು ದಾನಪತ್ರದ ಮೂಲಕ ಬರೆದುಕೊಡುವವರು ನೋಡಿಕೊಳ್ಳಬೇಕೆಂಬ ಷರತ್ತನ್ನು ಪತ್ರದಲ್ಲಿಯೇ ಬರೆಸುವುದು ಜಾಣತನ. ಷರತ್ತು ಮುರಿದರೆ ಆ ಪತ್ರವನ್ನು ರದ್ದುಪಡಿಸಲು ಅದೇ ಕಾಯ್ದೆಯಲ್ಲಿ ದಾರಿಯಿದೆ. ಹಸಿದ ಹಿರಿಯರು ಮಾನಕ್ಕಂಜಿ ಬಾಯಿ ಮುಚ್ಚಿಕೊಂಡಿರಬೇಕೆಂದು ಯಾವ ಧರ್ಮವೂ ಹೇಳುವುದಿಲ್ಲ. ಆದರೆ ಕಾಯ್ದೆ ರೊಟ್ಟಿ ಕೊಡಿಸಬಹುದು; ರೊಟ್ಟಿಯೊಡನೆ ಬರುವ ಅಕ್ಕರೆಯನ್ನು ಕೊಡಿಸಲಾರದು.

ಆ ಅಕ್ಕರೆಯನ್ನು ಗಳಿಸುವ ಹೊಣೆ ಹಿರಿಯರ ಮೇಲೂ ಇದೆ. 'ನಿಮಗಾಗಿ ನಾನೆಷ್ಟು ಸವೆದೆ' ಎಂದು ದಿನವೂ ಲೆಕ್ಕ ಒಪ್ಪಿಸಿದರೆ ಮಾಡಿದ ಉಪಕಾರವೂ ಸಾಲದ ವಸೂಲಿಯಂತೆ ಕಾಣುತ್ತದೆ. ಸೊಸೆ ಬಿಸಿರೊಟ್ಟಿ ತಂದಿಟ್ಟಾಗ ಉಪ್ಪು ಹೆಚ್ಚಾಯಿತೆನ್ನುವ ಮೊದಲು 'ಉಂಡ್ಯಾ ಮಗಳ' ಎಂದು ಕೇಳಿನೋಡಿರಿ. ಪಂಚಾಚಾರಗಳಲ್ಲಿ ಭೃತ್ಯಾಚಾರವೆಂಬುದೊಂದಿದೆ. ಶಿವಭಕ್ತರೆಲ್ಲರಿಗಿಂತ ತಾನು ಕಿರಿಯನೆಂದು ನಡೆದುಕೊಳ್ಳುವುದೇ ಅದರ ತಿರುಳು. ಅದರಲ್ಲಿ ವಯಸ್ಸಿನ ವಿನಾಯಿತಿ ಇಲ್ಲ.

ನಮ್ಮ ಹಿಂದಿನವರ ಮನೆಗಳಲ್ಲಿ ಬೀಸುವ ಮೊದಲು ಒಂದು ಹಿಡಿ ಜೋಳವನ್ನು ಬೇರೆ ಗಡಿಗೆಗೆ ಹಾಕುವ ಪದ್ಧತಿಯಿತ್ತು. ಆ ಹಿಡಿಜೋಳದಿಂದಲೇ ಎಷ್ಟೋ ಮಠಗಳ ದಾಸೋಹ ನಡೆಯಿತು, ಎಷ್ಟೋ ಬಡಮಕ್ಕಳು ಉಂಡು ಓದಿದರು. ಈಗ ಬೀಸುವ ಕಲ್ಲಿಲ್ಲ, ಹಿಟ್ಟು ಗಿರಣಿಯಿಂದ ಬರುತ್ತದೆ. ಆದರೆ ಹಿಡಿ ನಮ್ಮ ಕೈಯಲ್ಲಿಯೇ ಇದೆ. ಮಗುವಿನ ಕೈಯಿಂದ ಆ ಒಂದು ಹಿಡಿಯನ್ನು ತೆಗೆಸಿರಿ. ತೆಗೆಯುವಾಗ ಈ ಮನೆಗೆ ಉಪಕಾರ ಮಾಡಿದವರೊಬ್ಬರ ಹೆಸರನ್ನು ಅಜ್ಜಿಯಿಂದ ಹೇಳಿಸಿರಿ. ಆ ಹಿಡಿ ಮಠಕ್ಕೇ ಬರಬೇಕೆಂದಿಲ್ಲ, ಓಣಿಯ ಹಸಿದವರ ಹೊಟ್ಟೆ ಸೇರಿದರೂ ಅದು ಶಿವನಿಗೆ ಮುಟ್ಟಿದಂತೆಯೇ. ವರ್ಷ ಕಳೆಯುವುದರೊಳಗೆ ಆ ಮಗುವಿಗೆ ತನ್ನ ಮನೆತನದ ನಿಜವಾದ ಆಸ್ತಿ ಯಾವುದೆಂದು ತಿಳಿದಿರುತ್ತದೆ.

ಸಕಲ ಸದ್ಭಕ್ತರ ಮನೆಗಳಲ್ಲಿ ಪದಾರ್ಥವೆಲ್ಲ ಪ್ರಸಾದವಾಗಲಿ, ಹಿರಿಯ ಜೀವಗಳ ಮನಸ್ಸು ತಂಪಾಗಿರಲಿ ಎಂದು ಹಾರೈಸುತ್ತೇವೆ. ಶಿವಂ ಭೂಯಾತ್.