ಊರಿಗೇ ಸಾಲ ಆದರೆ?



ಒಂದು ಸಂಜೆ ನಮ್ಮ ಕಲಿಕಾ ಕೇಂದ್ರದಲ್ಲಿ ಲೆಕ್ಕ ಮಾಡುತ್ತಿದ್ದೆವು. ಸಂಘದ ಪುಸ್ತಕ ನೋಡಿ ಅಸಲು ಎಷ್ಟು, ಬಡ್ಡಿ ಎಷ್ಟು ಅಂತ ಬರೆಯುತ್ತಿದ್ದೆವು. ಆಗ ಒಬ್ಬ ಅಕ್ಕ ಕೇಳಿದರು. "ಟೀಚರ್, ನಾವು ಸಾಲ ಮಾಡ್ತೀವಿ, ಕಟ್ತೀವಿ. ಊರು ನಡೆಸೋರಿಗೂ ಸಾಲ ಇರುತ್ತಾ? ಅವರು ಕಟ್ಟದೇ ಇದ್ದರೆ ಏನಾಗುತ್ತೆ?"

ಬಹಳ ಒಳ್ಳೇ ಪ್ರಶ್ನೆ. ಊರಿಗೂ ಸಾಲ ಇರುತ್ತೆ. ಕಟ್ಟದಿದ್ದರೆ ಏನಾಗುತ್ತೆ ಅನ್ನೋದಕ್ಕೆ ಒಂದು ನಿಜವಾದ ಸಂಗತಿ ಹೇಳುತ್ತೇವೆ. ಇದು ಡೆಟ್ರಾಯಿಟ್ ಎಂಬ ದೊಡ್ಡ ನಗರದ ಕತೆ. ಈ ನಗರ ಅಮೆರಿಕ ದೇಶದ ಮಿಷಿಗನ್ ರಾಜ್ಯದಲ್ಲಿದೆ.

ಕಾರುಗಳ ಊರು

ಡೆಟ್ರಾಯಿಟ್ ಕಾರು ತಯಾರಿಸುವ ಊರು. ಫೋರ್ಡ್, ಜನರಲ್ ಮೋಟಾರ್ಸ್, ಕ್ರೈಸ್ಲರ್ ಎಂಬ ದೊಡ್ಡ ಕಂಪನಿಗಳು ಬೆಳೆದದ್ದು ಇಲ್ಲಿಯೇ. ಕೆಲಸ ಹುಡುಕಿಕೊಂಡು ಎಲ್ಲೆಲ್ಲಿಂದಲೋ ಜನ ಬಂದರು. 1950ರಲ್ಲಿ ಅಲ್ಲಿ ಸುಮಾರು 18 ಲಕ್ಷ 50 ಸಾವಿರ ಜನ ಇದ್ದರು.

ಜನ ಹೆಚ್ಚಾದರೆ ನಗರಸಭೆಗೆ ಕೆಲಸವೂ ಹೆಚ್ಚು. ನೀರು ಬಿಡಬೇಕು. ಕಸ ಎತ್ತಬೇಕು. ಬಸ್ಸು ಓಡಿಸಬೇಕು. ಬೆಂಕಿ ಬಿದ್ದರೆ ಆರಿಸಬೇಕು. ಇದಕ್ಕೆಲ್ಲ ನೌಕರರು ಬೇಕು. ನಗರ ಸಾವಿರಾರು ಜನರನ್ನು ಕೆಲಸಕ್ಕೆ ತೆಗೆದುಕೊಂಡಿತು. ಅವರಿಗೆ ಒಂದು ಮಾತು ಕೊಟ್ಟಿತು. "ನೀವು ಈಗ ದುಡಿಯಿರಿ. ವಯಸ್ಸಾದ ಮೇಲೆ ನಿಮಗೆ ಪಿಂಚಣಿ ಕೊಡುತ್ತೇವೆ. ಆಸ್ಪತ್ರೆ ಖರ್ಚನ್ನೂ ನೋಡಿಕೊಳ್ಳುತ್ತೇವೆ."

ಪಿಂಚಣಿ ಅಂದರೆ ಏನು?

ಪಿಂಚಣಿ ಅಂದರೆ ದಾನ ಅಲ್ಲ. ಅದು ದುಡಿದವರ ಸಂಬಳದ ಒಂದು ಭಾಗ. ಇವತ್ತು ಕೊಡುವ ಬದಲು ಮುಂದೆ ಕೊಡುತ್ತಾರೆ, ಅಷ್ಟೆ. ಆದ್ದರಿಂದ ಅದೂ ಒಂದು ಸಾಲವೇ. ಕೆಲಸ ಮಾಡಿಸಿಕೊಂಡವರು ಕೆಲಸ ಮಾಡಿದವರಿಗೆ ತೀರಿಸಬೇಕಾದ ಸಾಲ.

ಈ ಸಾಲ ತೀರಿಸುವುದಕ್ಕೆ ಒಂದು ದಾರಿ ಇದೆ. ಪ್ರತಿ ವರ್ಷ ಇಷ್ಟು ಅಂತ ಹಣ ತೆಗೆದಿಡಬೇಕು. ಅದಕ್ಕೆ ಪಿಂಚಣಿ ನಿಧಿ ಅನ್ನುತ್ತಾರೆ. ಮಗಳ ಓದಿಗೆ ಅಂತ ನಾವು ತಿಂಗಳು ತಿಂಗಳು ದುಡ್ಡು ಕಟ್ಟುವುದಿಲ್ಲವೇ? ಇದೂ ಹಾಗೇ. ಈ ತಿಂಗಳು ಕೈ ಬಿಗಿ, ಮುಂದಿನ ತಿಂಗಳು ಕಟ್ಟೋಣ ಅಂತ ಕಂತು ತಪ್ಪಿಸಬಹುದು. ಆದರೆ ಕಂತು ತಪ್ಪಿಸಿದರೆ ಮಗಳು ಬೆಳೆಯೋದು ನಿಲ್ಲುತ್ತದೆಯೇ? ಇಲ್ಲ. ಕಾಲೇಜು ಸೇರುವ ದಿನ ಬಂದೇ ಬರುತ್ತದೆ. ಆ ದಿನ ಪುಸ್ತಕದಲ್ಲಿ ದುಡ್ಡು ಇರೋದಿಲ್ಲ.

ಜನ ಹೋದರು, ಖರ್ಚು ಹೋಗಲಿಲ್ಲ

1950ರ ನಂತರ ಡೆಟ್ರಾಯಿಟ್ ಬದಲಾಯಿತು. ಕಾರು ಕಂಪನಿಗಳು ಬೇರೆ ಕಡೆ ಕಾರ್ಖಾನೆ ಕಟ್ಟಿದವು. ಜಪಾನಿನ ಕಾರುಗಳು ಬಂದವು. ಕೆಲಸ ಕಡಿಮೆ ಆಯಿತು. ಬಿಳಿಯರು ಮತ್ತು ಕರಿಯರ ನಡುವೆ ಭೇದ ಬಹಳ ಇತ್ತು. 1967ರಲ್ಲಿ ದೊಡ್ಡ ಗಲಭೆ ಆಯಿತು. ಅನುಕೂಲ ಇದ್ದವರು, ಅದರಲ್ಲೂ ಬಿಳಿಯರು, ನಗರ ಬಿಟ್ಟು ಸುತ್ತಮುತ್ತಲ ಹೊಸ ಬಡಾವಣೆಗಳಿಗೆ ಹೋದರು. ಬಡವರು ಉಳಿದರು. ಅವರಲ್ಲಿ ಹೆಚ್ಚಿನವರು ಕರಿಯರು.

2013ರ ಹೊತ್ತಿಗೆ ಅಲ್ಲಿ ಉಳಿದವರು ಸುಮಾರು 7 ಲಕ್ಷ ಜನ. ಅಂದರೆ ಹತ್ತು ಜನ ಇದ್ದ ಕಡೆ ನಾಲ್ಕೇ ಜನ!

ಜನ ಹೋದರೆ ತೆರಿಗೆಯೂ ಹೋಗುತ್ತೆ. ಆದರೆ ರಸ್ತೆ ಚಿಕ್ಕದಾಗುತ್ತದೆಯೇ? ನೀರಿನ ಪೈಪು ಗಿಡ್ಡ ಆಗುತ್ತದೆಯೇ? ಇಲ್ಲ. ಊರಿನ ಅಳತೆ ಅಷ್ಟೇ ಇತ್ತು. ಖರ್ಚೂ ಇತ್ತು.

ಹಿಂದೆ ದುಡಿದವರಿಗೆ ಪಿಂಚಣಿ ಕೊಡೋದಂತೂ ಇದ್ದೇ ಇತ್ತು. ಆಗ ನಗರದಲ್ಲಿ ದುಡಿಯುತ್ತಿದ್ದ ನೌಕರರು ಸುಮಾರು 10 ಸಾವಿರ. ಕೆಲಸದಿಂದ ನಿವೃತ್ತರಾದವರು, ಅಂದರೆ ರಿಟೈರ್ ಆದವರು, 20 ಸಾವಿರಕ್ಕೂ ಹೆಚ್ಚು. ಒಬ್ಬರು ದುಡಿಯುವ ಮನೆಯಲ್ಲಿ ಇಬ್ಬರು ಹಿರಿಯರು ಇದ್ದಂತೆ. ಹಿರಿಯರ ಪಾಲು ಮೊದಲೇ ತೆಗೆದಿಟ್ಟಿದ್ದರೆ ತೊಂದರೆ ಇಲ್ಲ. ಪೂರ್ತಿ ಇಟ್ಟಿರಲಿಲ್ಲ. ಅದೇ ತೊಂದರೆ.

ಸಾಲ ತೀರಿಸಲು ಸಾಲ

2005ರಲ್ಲಿ ನಗರ ಒಂದು ಉಪಾಯ ಮಾಡಿತು. ಪಿಂಚಣಿ ನಿಧಿಗೆ ಹಾಕೋದಕ್ಕೆ ಅಂತಲೇ ಸಾಲ ತಂದಿತು. ಅದು ಸುಮಾರು 140 ಕೋಟಿ ಡಾಲರ್. ಡಾಲರ್ ಅಂದರೆ ಅಮೆರಿಕದ ಹಣ.

ಆ ಸಾಲದ ಜೊತೆಗೆ ಬ್ಯಾಂಕುಗಳ ಜೊತೆ ಬಡ್ಡಿಯ ಕರಾರು ಮಾಡಿಕೊಂಡಿತು. ಬಡ್ಡಿ ದರ ಏರಿದರೆ ನಗರಕ್ಕೆ ಅನುಕೂಲ. ಇಳಿದರೆ ನಗರವೇ ಬ್ಯಾಂಕಿಗೆ ಕೊಡಬೇಕು. 2008ರಲ್ಲಿ ಅಮೆರಿಕದಲ್ಲಿ ದೊಡ್ಡ ಆರ್ಥಿಕ ಕುಸಿತ ಆಯಿತು. ಬಡ್ಡಿ ದರ ಬಹಳ ಇಳಿಯಿತು. ನಗರಕ್ಕೆ ಹೊಡೆತ ಬಿತ್ತು. 2009ರಲ್ಲಿ ನಗರ ತನ್ನ ಒಂದು ಒಳ್ಳೇ ಆದಾಯವನ್ನೇ ಬ್ಯಾಂಕುಗಳಿಗೆ ಅಡ ಇಟ್ಟಿತು. ಅದು ಜೂಜಿನ ಕೇಂದ್ರಗಳಿಂದ ಬರುತ್ತಿದ್ದ ತೆರಿಗೆ. ಕಷ್ಟ ಬಂತು ಅಂತ ನಾವು ಕೊರಳ ಸರ ಅಡ ಇಡುತ್ತೇವಲ್ಲ, ಹಾಗೆ.

ಯಾರೋ ತಿಂದು ಹಾಕಿದರು ಅಂತ ನಿಮಗೆ ಅನ್ನಿಸಬಹುದು. ಭ್ರಷ್ಟಾಚಾರವೂ ಇತ್ತು. ಆ ಸಾಲ ತಂದಾಗ ಮೇಯರ್ ಆಗಿದ್ದ ಕ್ವಾಮೆ ಕಿಲ್‌ಪ್ಯಾಟ್ರಿಕ್ ಅವರಿಗೆ ಬೇರೆ ಭ್ರಷ್ಟಾಚಾರದ ಕೇಸಿನಲ್ಲಿ 2013ರಲ್ಲಿ ಜೈಲು ಶಿಕ್ಷೆ ಆಯಿತು. ಆದರೆ ಬರೀ ಕಳ್ಳತನದಿಂದ ಇಷ್ಟು ಸಾಲ ಆಗಲಿಲ್ಲ. "ಈ ವರ್ಷ ಹೇಗೋ ಆಗಲಿ, ಮುಂದೆ ನೋಡೋಣ" ಅಂತ ವರ್ಷ ವರ್ಷ ತಳ್ಳಿದ್ದರಿಂದ ಆಯಿತು.

ಊರು ಕತ್ತಲಾಯಿತು

ಸಾಲಕ್ಕೆ ದುಡ್ಡು ಹೋದರೆ ಊರಿಗೆ ಏನು ಉಳಿಯುತ್ತೆ? ಹತ್ತು ಬೀದಿ ದೀಪಗಳಲ್ಲಿ ನಾಲ್ಕು ಉರಿಯುತ್ತಿರಲಿಲ್ಲ. ತುರ್ತು ಅಂತ ಪೊಲೀಸರನ್ನು ಕರೆದರೆ ಬರುವುದಕ್ಕೆ ಸರಾಸರಿ 58 ನಿಮಿಷ ಆಗುತ್ತೆ ಅಂತ ನಗರದ ವರದಿಯೇ ಹೇಳಿತು. ಸುಮಾರು 78 ಸಾವಿರ ಕಟ್ಟಡಗಳು ಪಾಳು ಬಿದ್ದಿದ್ದವು. ಕತ್ತಲ ಬೀದಿಯಲ್ಲಿ ಕೆಲಸ ಮುಗಿಸಿ ಒಬ್ಬಳೇ ಮನೆಗೆ ಬರುವ ಹೆಂಗಸಿನ ಪಾಡು ಏನು? ನಾವು ಹೇಳಬೇಕಾಗಿಲ್ಲ, ನಿಮಗೇ ಗೊತ್ತು.

2013ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಕೆವಿನ್ ಓರ್ ಎಂಬ ವಕೀಲರನ್ನು ನಗರದ ಹಣಕಾಸು ನೋಡಿಕೊಳ್ಳಲು ನೇಮಿಸಿತು. ಜನ ಮತ ಹಾಕಿ ಆರಿಸಿದ ಮೇಯರ್ ಮತ್ತು ಸದಸ್ಯರ ಅಧಿಕಾರ ಬಹುಪಾಲು ಅವರ ಕೈಗೆ ಹೋಯಿತು. ನೋಡಿ, ಸಾಲ ಮಿತಿ ಮೀರಿದರೆ ಮತದ ಬಲವೂ ಕುಗ್ಗುತ್ತೆ.

2013ರ ಜುಲೈ 18ರಂದು ನಗರ ಕೋರ್ಟಿಗೆ ಹೋಗಿ, "ನಾವು ದಿವಾಳಿ. ಸಾಲ ಪೂರ್ತಿ ಕಟ್ಟೋಕೆ ಆಗಲ್ಲ" ಅಂತ ಹೇಳಿತು. ಒಟ್ಟು ಸಾಲ ಸುಮಾರು 1,800 ಕೋಟಿ ಡಾಲರ್. ಆಗಿನ ಲೆಕ್ಕದಲ್ಲಿ ಒಂದು ಲಕ್ಷ ಕೋಟಿ ರೂಪಾಯಿಗೂ ಮೇಲೆ! ಅಮೆರಿಕದಲ್ಲಿ ಇಷ್ಟು ದೊಡ್ಡ ನಗರ ಹಿಂದೆ ಎಂದೂ ಹೀಗೆ ಕೋರ್ಟಿಗೆ ಹೋಗಿರಲಿಲ್ಲ. ಆ ಸಾಲದಲ್ಲಿ ಸುಮಾರು ಅರ್ಧ ಪಾಲು ನಿವೃತ್ತರಿಗೆ ಕೊಡಬೇಕಾದ ಪಿಂಚಣಿ ಮತ್ತು ಆಸ್ಪತ್ರೆ ಖರ್ಚಿನ ಬಾಕಿ ಅಂತ ನಗರ ಲೆಕ್ಕ ಕೊಟ್ಟಿತು. ಆ ಲೆಕ್ಕ ಸರಿಯಿಲ್ಲ ಅಂತ ನೌಕರರ ಸಂಘಗಳು ವಾದ ಮಾಡಿದವು.

ಚಿತ್ರ ಮಾರೋದೋ, ಪಿಂಚಣಿ ಕಡಿಯೋದೋ?

ನಿವೃತ್ತರಿಗೆ ಒಂದು ಧೈರ್ಯ ಇತ್ತು. ಪಿಂಚಣಿ ಕಡಿಮೆ ಮಾಡಬಾರದು ಅಂತ ಮಿಷಿಗನ್ ರಾಜ್ಯದ ಸಂವಿಧಾನದಲ್ಲೇ ಬರೆದಿತ್ತು. ಆದರೆ 2013ರ ಡಿಸೆಂಬರ್‌ನಲ್ಲಿ ನ್ಯಾಯಾಧೀಶ ಸ್ಟೀವನ್ ರೋಡ್ಸ್ ಬೇರೆ ತೀರ್ಪು ಕೊಟ್ಟರು. ದಿವಾಳಿ ಕಾನೂನು ಇಡೀ ದೇಶದ ಕಾನೂನು. ಅದರ ಮುಂದೆ ರಾಜ್ಯದ ಈ ಮಾತು ನಿಲ್ಲದು, ಪಿಂಚಣಿಯನ್ನೂ ಕಡಿಮೆ ಮಾಡಬಹುದು ಅಂದರು.

ನಿವೃತ್ತರ ಎದೆ ಒಡೆಯಿತು. ಅವರೇನು ಸಾಹುಕಾರರಲ್ಲ. ಬಸ್ಸು ಓಡಿಸಿದವರು, ಕಸ ಎತ್ತಿದವರು, ಕಚೇರಿಯಲ್ಲಿ ಕಾಗದ ಬರೆದವರು. ಇವರ ಪಿಂಚಣಿ ಸರಾಸರಿ ವರ್ಷಕ್ಕೆ ಸುಮಾರು 19 ಸಾವಿರ ಡಾಲರ್. ಅಮೆರಿಕದ ಬೆಲೆಗೆ ಅದು ಹೆಚ್ಚಲ್ಲ.

ನಗರದ ಕೈಯಲ್ಲಿ ಬೆಲೆ ಬಾಳುವ ಒಂದು ಆಸ್ತಿ ಇತ್ತು. ಅದು ಹೆಸರಾಂತ ಚಿತ್ರಗಳಿರುವ ವಸ್ತುಸಂಗ್ರಹಾಲಯ. ಸಾಲ ಕೊಟ್ಟವರು, "ಆ ಚಿತ್ರಗಳನ್ನು ಮಾರಿ ದುಡ್ಡು ಕೊಡಿ" ಅಂದರು. ಊರಿನವರು, "ಅವು ನಮ್ಮ ಮಕ್ಕಳ ಆಸ್ತಿ. ಒಮ್ಮೆ ಮಾರಿದರೆ ಮತ್ತೆ ಬರೋದಿಲ್ಲ" ಅಂದರು.

ಕೊನೆಗೆ ಒಂದು ದಾರಿ ಸಿಕ್ಕಿತು. ಫೋರ್ಡ್ ಫೌಂಡೇಶನ್‌ನಂಥ ದತ್ತಿ ಸಂಸ್ಥೆಗಳು, ರಾಜ್ಯ ಸರ್ಕಾರ ಮತ್ತು ವಸ್ತುಸಂಗ್ರಹಾಲಯದವರು ಸೇರಿ ಹಣ ಕೊಡಲು ಒಪ್ಪಿದರು. ಇಪ್ಪತ್ತು ವರ್ಷಕ್ಕೆ 80 ಕೋಟಿ ಡಾಲರಿಗೂ ಹೆಚ್ಚು. ಆ ಹಣ ಪಿಂಚಣಿ ನಿಧಿಗೆ ಹೋಗಬೇಕು. ಚಿತ್ರ ಮಾರಬಾರದು.

ಕಾಗದ ಓದಿ ಮತ ಹಾಕಿದರು

ಈ ಒಪ್ಪಂದಕ್ಕೆ ನಿವೃತ್ತರ ಒಪ್ಪಿಗೆ ಬೇಕಿತ್ತು. 2014ರಲ್ಲಿ ಅವರ ಮನೆಗೆ ಅಂಚೆಯಲ್ಲಿ ಮತಪತ್ರ ಬಂತು. ಜೊತೆಗೆ ಕೋರ್ಟಿನ ಭಾಷೆಯ ಕಾಗದಗಳು. "ಒಪ್ಪಿದರೆ ಇಷ್ಟು ಕಡಿತ. ಒಪ್ಪದಿದ್ದರೆ ಇನ್ನೂ ಹೆಚ್ಚು ಕಡಿತ."

ಲೆಕ್ಕ ಹೀಗಿತ್ತು. ಸಾಮಾನ್ಯ ನೌಕರರಿಗೆ 100 ಬರುವ ಕಡೆ, ಒಪ್ಪಿದರೆ 95 ರೂಪಾಯಿ 50 ಪೈಸೆ ಬಂದಂತೆ. ಒಪ್ಪದಿದ್ದರೆ 73 ರೂಪಾಯಿಗೆ ಇಳಿದಂತೆ. ಯೋಚಿಸಿ, ಇದು ಎಂಥ ಆಯ್ಕೆ! ತಪ್ಪು ಮಾಡದವರು ತಮ್ಮ ಪಾಲು ಎಷ್ಟು ಕಡಿಯಬೇಕು ಅಂತ ತಾವೇ ಮುದ್ರೆ ಒತ್ತಬೇಕು. ಆದರೂ ಓದಿದರು, ಚರ್ಚೆ ಮಾಡಿದರು, ಮತ ಹಾಕಿದರು. ಸಾಮಾನ್ಯ ನೌಕರರಲ್ಲಿ ಮತ ಹಾಕಿದ ನಾಲ್ವರಲ್ಲಿ ಸುಮಾರು ಮೂವರು ಒಪ್ಪಿದರು. ಪೊಲೀಸರು, ಅಗ್ನಿಶಾಮಕದವರಲ್ಲಿ ಒಪ್ಪಿದವರು ಇನ್ನೂ ಹೆಚ್ಚು.

ಕಡಿತ ಅಲ್ಲಿಗೇ ನಿಲ್ಲಲಿಲ್ಲ. ಬೆಲೆ ಏರಿದ ಹಾಗೆ ಪಿಂಚಣಿಯೂ ಪ್ರತಿ ವರ್ಷ ಸ್ವಲ್ಪ ಏರುತ್ತಿತ್ತು. ಸಾಮಾನ್ಯ ನೌಕರರಿಗೆ ಅದು ನಿಂತಿತು. ಪೊಲೀಸರು, ಅಗ್ನಿಶಾಮಕದವರಿಗೆ ಮೂಲ ಪಿಂಚಣಿ ಉಳಿಯಿತು. ಆದರೆ ಏರಿಕೆ ಅರ್ಧಕ್ಕಿಂತ ಕಡಿಮೆ ಆಯಿತು. ಕೆಲವರಿಗೆ "ಹಿಂದೆ ನಿಮ್ಮ ಉಳಿತಾಯಕ್ಕೆ ಬಡ್ಡಿ ಜಾಸ್ತಿ ಕೊಟ್ಟಿದ್ದೆವು" ಅಂತ ಅದನ್ನೂ ಹಿಡಿದರು. ಆಸ್ಪತ್ರೆ ಖರ್ಚಿನ ನೆರವು ಬಹುಪಾಲು ಹೋಯಿತು. ವಯಸ್ಸಾದವರಿಗೆ ಇದೇ ದೊಡ್ಡ ಪೆಟ್ಟು.

ಸಾಲ ಕೊಟ್ಟ ಬ್ಯಾಂಕು, ವಿಮಾ ಕಂಪನಿಗಳೂ ನಷ್ಟ ಅನುಭವಿಸಿದವು. ಒಟ್ಟು ಸುಮಾರು 700 ಕೋಟಿ ಡಾಲರ್ ಸಾಲ ರದ್ದಾಯಿತು. 2014ರ ಡಿಸೆಂಬರ್‌ನಲ್ಲಿ ನಗರ ದಿವಾಳಿಯಿಂದ ಹೊರಗೆ ಬಂತು.

ಆಮೇಲೆ ಏನಾಯಿತು?

2016ರ ಕೊನೆಗೆ ಊರಿನಲ್ಲಿ ಸುಮಾರು 65 ಸಾವಿರ ಹೊಸ ಬೀದಿ ದೀಪ ಹಾಕಿ ಮುಗಿಸಿದರು. ನಗರ ಆದಾಯ ನೋಡಿ ಖರ್ಚು ಮಾಡತೊಡಗಿತು. ಪಿಂಚಣಿಗೆ ಅಂತ ಬೇರೆ ನಿಧಿ ತೆರೆದು ಮೊದಲೇ ಹಣ ಕೂಡಿಡತೊಡಗಿತು. ದಿವಾಳಿ ಒಪ್ಪಂದದಂತೆ ನಗರಕ್ಕೆ ಕೆಲವು ವರ್ಷ ಪಿಂಚಣಿ ಕಂತಿನಿಂದ ಬಹುಪಾಲು ಬಿಡುವು ಸಿಕ್ಕಿತ್ತು. 2023ರಿಂದ ದೊಡ್ಡ ಕಂತು ಮತ್ತೆ ಶುರುವಾಯಿತು. 2024ರಲ್ಲಿ ಸಾಲದ ಯೋಗ್ಯತೆ ಅಳೆಯುವ ಕಂಪನಿಗಳು, "ಈ ನಗರಕ್ಕೆ ಸಾಲ ಕೊಟ್ಟರೆ ಅಪಾಯ ಕಡಿಮೆ" ಅಂತ ಮತ್ತೆ ಒಳ್ಳೇ ದರ್ಜೆ ಕೊಟ್ಟವು.

ಊರು ಎದ್ದು ನಿಂತಿತು ನಿಜ. ಆದರೆ ಕಡಿತ ಆದ ಪಿಂಚಣಿಯಲ್ಲೇ ಔಷಧಿ ಕೊಳ್ಳುವ ಹಿರಿಯರಿಗೆ ಆ ಸುದ್ದಿಯಿಂದ ಹೊಟ್ಟೆ ತುಂಬುವುದಿಲ್ಲ.

ನಾವು ತಿಳಿಯೋದು ಏನು?

ಸಾಲ ಮಾಡೋದೇ ತಪ್ಪು ಅಂತ ನಾವು ಹೇಳುತ್ತಿಲ್ಲ. ನೀರಿನ ಪೈಪು, ರಸ್ತೆಗೆ ಊರು ಸಾಲ ಮಾಡಬೇಕಾಗುತ್ತದೆ. ಪಿಂಚಣಿ ಕೊಡೋದೂ ತಪ್ಪಲ್ಲ, ಅದು ಧರ್ಮ. ತಪ್ಪು ಎಲ್ಲಿ ಅಂದರೆ, ಮಾತು ಕೊಟ್ಟು ಹಣ ತೆಗೆದಿಡದೇ ಇರೋದು. ಆ ತಪ್ಪಿನ ಬೆಲೆ ಮಾತು ಕೊಟ್ಟವರು ತೆರಲಿಲ್ಲ. ಮಾತು ನಂಬಿ ದುಡಿದವರು ತೆತ್ತರು.

ಆದ್ದರಿಂದ ಯಾರಾದರೂ "ಮುಂದೆ ಕೊಡ್ತೀವಿ" ಅಂದರೆ ಅಷ್ಟಕ್ಕೇ ಸುಮ್ಮನಾಗಬೇಡಿ. "ಅದಕ್ಕೆ ಈ ವರ್ಷ ಎಷ್ಟು ತೆಗೆದಿಟ್ಟಿದ್ದೀರಿ? ಲೆಕ್ಕದ ಪುಸ್ತಕ ತೋರಿಸಿ" ಅಂತ ಕೇಳಿ. ಸಂಘದಲ್ಲೂ ಕೇಳಿ, ಗ್ರಾಮಸಭೆಯಲ್ಲೂ ಕೇಳಿ. ಲೆಕ್ಕ ಓದೋಕೆ ಈಗ ನಮಗೆ ಬರುತ್ತದೆ.

ಮಾತಾಡೋಣ, ಬರೆಯೋಣ

1. ಪಿಂಚಣಿ ದಾನವೋ, ಸಾಲವೋ? ಯಾಕೆ?
2. ಜನ ಕಡಿಮೆ ಆದರೂ ಡೆಟ್ರಾಯಿಟ್‌ನ ಖರ್ಚು ಯಾಕೆ ಕಡಿಮೆ ಆಗಲಿಲ್ಲ?
3. ನೀವು ಆ ಊರಿನ ನಿವೃತ್ತರಾಗಿದ್ದರೆ ಮತಪತ್ರದಲ್ಲಿ ಏನು ಬರೆಯುತ್ತಿದ್ದಿರಿ?
4. ನಿಮ್ಮ ಸಂಘದ ಪುಸ್ತಕ ತೆಗೆದು ನೋಡಿ. ಈ ತಿಂಗಳು ಎಷ್ಟು ಉಳಿತಾಯ, ಎಷ್ಟು ಸಾಲ? ಬರೆದುಕೊಂಡು ಬನ್ನಿ.